ಗೊತ್ತಿರುವ ಕಥೆಗೇ ಮತ್ತೆ ಮತ್ತೆ ಟಿಕೆಟ್

ಕೂಡ್ಲಿಗಿ, ಕೊಟ್ಟೂರು ಕಡೆಯ ಹಳ್ಳಿಗಳಲ್ಲಿ ‘ರಕ್ತರಾತ್ರಿ’ ನಾಟಕ ಇದೆಯೆಂದರೆ ಅಂದು ರಾತ್ರಿಯ ಊಟ ಬೇಗ ಮುಗಿಯುತ್ತದೆ. ಪೇಟಿ ಮಾಸ್ತರು ಶ್ರುತಿ ಹಿಡಿಯುವ ಮೊದಲೇ ಚಾಪೆ, ಕಂಬಳಿ ಹಾಸಿ ಜಾಗ ಹಿಡಿದಾಗಿರುತ್ತದೆ. ಅಲ್ಲಿ ಕೂತವರಲ್ಲಿ ಕಥೆ ಗೊತ್ತಿಲ್ಲದವರು ಯಾರೂ ಇಲ್ಲ. ಕುರುಕ್ಷೇತ್ರದ ಯುದ್ಧ ಮುಗಿದ ರಾತ್ರಿ ಅಶ್ವತ್ಥಾಮ ಪಾಂಡವರ ಬಿಡಾರಕ್ಕೆ ನುಗ್ಗುತ್ತಾನೆ, ಮಲಗಿದ್ದ ದ್ರೌಪದಿಯ ಐವರು ಮಕ್ಕಳನ್ನು ಕೊಲ್ಲುತ್ತಾನೆ, ಬೆಳಗಾಗುವ ಹೊತ್ತಿಗೆ ಆ ತಾಯಿ ಮಕ್ಕಳ ಹೆಣದ ಮುಂದೆ ಕೂತಿರುತ್ತಾಳೆ. ಇದೆಲ್ಲ ಗೊತ್ತಿದ್ದೂ ಜನ ನಸುಕಿನವರೆಗೆ ಕದಲುವುದಿಲ್ಲ. ಕಂದಗಲ್ ಹನುಮಂತರಾಯರು ಬರೆದ ಈ ನಾಟಕದ ದ್ರೌಪದಿಯಾಗಿ ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಹೆಸರಾದದ್ದು ಈ ಸೀಮೆಯ ಹಿರಿಯರಿಗೆ ಇಂದಿಗೂ ನೆನಪಿದೆ. ಕಥೆ ಬದಲಾಗುತ್ತಿರಲಿಲ್ಲ. ಇವತ್ತಿನ ದ್ರೌಪದಿ ಹೇಗೆ ಅಳುತ್ತಾಳೆ, ಇವತ್ತಿನ ಅಶ್ವತ್ಥಾಮ ಹೇಗೆ ಕತ್ತಿ ಹಿರಿಯುತ್ತಾನೆ ಎಂಬುದನ್ನು ನೋಡಲು ಜನ ಬರುತ್ತಿದ್ದರು.

ಇದೇ ಜನ, ಇವರ ಮಕ್ಕಳು, ಮೊಮ್ಮಕ್ಕಳು ಒಂದು ಸಿನಿಮಾವನ್ನೂ ಹಾಗೆಯೇ ನೋಡುತ್ತ ಬಂದಿದ್ದಾರೆ. ಅದು ‘ಓಂ’.

1995ರ ಮೇ 19ರಂದು ತೆರೆಕಂಡ ಈ ಚಿತ್ರ ರಾಜ್ಯದ ಚಿತ್ರಮಂದಿರಗಳಿಗೆ ಎಷ್ಟು ಸಲ ಮರಳಿ ಬಂದಿದೆಯೆಂದರೆ ಅದನ್ನು ಎಣಿಸುವುದೇ ಒಂದು ಕೆಲಸವಾಯಿತು. 550ಕ್ಕೂ ಹೆಚ್ಚು ಸಲ ಮರುಬಿಡುಗಡೆಯಾದ ಲೆಕ್ಕ ಲಿಮ್ಕಾ ದಾಖಲೆ ಪುಸ್ತಕದವರೆಗೂ ಹೋಯಿತು. ಬೆಂಗಳೂರಿನ ಕಪಾಲಿ ಚಿತ್ರಮಂದಿರ ಒಂದರಲ್ಲೇ 30ಕ್ಕೂ ಹೆಚ್ಚು ಬಾರಿ ಬಂದು ಹೋಗಿತ್ತು ಎನ್ನುತ್ತಾರೆ. ಲಾಂಗು ಹಿಡಿದ ರೌಡಿಯೊಬ್ಬನ ಕಥೆ ಮೂವತ್ತು ವರ್ಷ ಹೀಗೆ ಹೇಗೆ ಓಡಿತು? ಈ ಪ್ರಶ್ನೆಗೆ ಬೆಂಗಳೂರಿನಲ್ಲಿ ಕೂತು ಉತ್ತರ ಹುಡುಕಿದರೆ ಅರ್ಧ ಸಿಗುತ್ತದೆ. ಉಳಿದ ಅರ್ಧ ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂಥ ಊರುಗಳಲ್ಲಿದೆ.

ಮೊದಲು ವ್ಯವಹಾರದ ಮಾತು. ಡಿಜಿಟಲ್ ಬರುವ ಮುಂಚೆ ಸಿನಿಮಾ ಅಂದರೆ ರೀಲಿನ ಡಬ್ಬಿ. ಬೆಂಗಳೂರು, ದಾವಣಗೆರೆ, ಬಳ್ಳಾರಿಯಂಥ ದೊಡ್ಡ ಊರಿನಲ್ಲಿ ಓಡಿ ಓಡಿ ಗೀರು ಬಿದ್ದ ಪ್ರಿಂಟು ತಾಲ್ಲೂಕು ಕೇಂದ್ರಗಳಿಗೆ ಬರುವಷ್ಟರಲ್ಲಿ ವಾರಗಳೋ ತಿಂಗಳುಗಳೋ ಕಳೆದಿರುತ್ತಿದ್ದವು. ಹೊಸ ಚಿತ್ರ ಕೈಕೊಟ್ಟ ವಾರ, ಪರೀಕ್ಷೆ ಕಾಲ, ಬಿತ್ತನೆ ದಿನಗಳಲ್ಲಿ ಚಿತ್ರಮಂದಿರದವರಿಗೆ ಪರದೆ ಖಾಲಿ ಬಿಡಲು ಆಗುತ್ತಿರಲಿಲ್ಲ. ಕಡಿಮೆ ಬಾಡಿಗೆಗೆ ಸಿಗುವ, ಜನ ಬಂದೇ ಬರುತ್ತಾರೆಂಬ ಭರವಸೆ ಇರುವ ಹಳೆಯ ಚಿತ್ರ ಬೇಕಾಗುತ್ತಿತ್ತು. ರಾಜ್‌ಕುಮಾರ್ ಚಿತ್ರಗಳ ಸಾಲಿಗೆ ‘ಓಂ’ ಸೇರಿದ್ದು ಹೀಗೆ. ಟಿವಿಯ ಸಂಗತಿಯನ್ನೂ ಇಲ್ಲಿ ಹೇಳಬೇಕು. ಬಿಡುಗಡೆಯಾಗಿ ಇಪ್ಪತ್ತು ವರ್ಷ ಈ ಚಿತ್ರ ಯಾವ ವಾಹಿನಿಯಲ್ಲೂ ಬರಲಿಲ್ಲ. 2015ರಲ್ಲಿ ಉದಯ ಟಿವಿ ಇದನ್ನು ಪ್ರಸಾರ ಮಾಡಿದಾಗ ಹಕ್ಕಿನ ಬೆಲೆ ಸುಮಾರು 10 ಕೋಟಿ ರೂಪಾಯಿ ಎಂದು ವರದಿಯಾಗಿತ್ತು. ಅಲ್ಲಿಯವರೆಗೆ ‘ಓಂ’ ನೋಡಬೇಕೆಂದವರು ಚಿತ್ರಮಂದಿರಕ್ಕೇ ಹೋಗಬೇಕಿತ್ತು. ಹತ್ತು ವರ್ಷದ ಹುಡುಗನಾಗಿದ್ದಾಗ ಅಣ್ಣನ ಬಾಯಲ್ಲಿ ಕಥೆ ಕೇಳಿದವನು ಕಾಲೇಜು ಸೇರಿದ ಮೇಲೆ ಮೊದಲ ಸಲ ನೋಡಿದ, ಆಮೇಲೆ ತಮ್ಮನನ್ನು ಕರೆದುಕೊಂಡು ಹೋದ.

ಆದರೆ ಟಿವಿಯಲ್ಲಿ ಬಾರದ ಹಳೆಯ ಚಿತ್ರಗಳು ಬೇಕಾದಷ್ಟಿದ್ದವು. ಅವಕ್ಕೆಲ್ಲ ಗಾಂಧಿ ಕ್ಲಾಸ್ ತುಂಬಲಿಲ್ಲ. ಆದ್ದರಿಂದ ಚಿತ್ರದ ಒಳಕ್ಕೇ ಹೋಗಬೇಕು.

ಸತ್ಯ ಪುರೋಹಿತರೊಬ್ಬರ ಮಗ. ಸಂಧ್ಯಾವಂದನೆ, ಮಂತ್ರ, ಮಡಿಯ ಮನೆಯಲ್ಲಿ ಬೆಳೆದವನು. ಅವನು ಬೆಂಗಳೂರಿನ ಭೂಗತ ಲೋಕದ ಭಯಂಕರ ಹೆಸರಾದದ್ದು ಹೇಗೆ ಎಂಬುದೇ ಕಥೆ. ಆದರೆ ನಿರ್ದೇಶಕ ಉಪೇಂದ್ರ ಅದನ್ನು ಮೊದಲಿನಿಂದ ಹೇಳಲಿಲ್ಲ. ತೆರೆಯ ಮೇಲೆ ಮೊದಲು ಕಾಣುವುದು ರೌಡಿ ಸತ್ಯ, ಅವನ ಲಾಂಗು, ಅವನ ಹೆಸರು ಕೇಳಿದರೆ ನಡುಗುವ ಬೀದಿ, ಅವನ ಕಾಟಕ್ಕೆ ಬೆಂದುಹೋದ ಮಧು ಎಂಬ ಹುಡುಗಿ. ಭೂಗತ ಲೋಕವನ್ನು ಅರಿಯಹೊರಟ ಇನ್ನೊಬ್ಬ ಯುವತಿಯ ಮೂಲಕ ಕಥೆ ನಿಧಾನವಾಗಿ ಹಿಂದಕ್ಕೆ ಸರಿಯುತ್ತದೆ. ಆಗ ಇದೇ ಕೈ ಒಂದು ಕಾಲಕ್ಕೆ ಅರ್ಘ್ಯ ಬಿಡುತ್ತಿತ್ತು ಎಂದು ತಿಳಿಯುತ್ತದೆ. ಪ್ರೀತಿಯ ಹೆಸರಿನಲ್ಲಿ ಮಧು ಆಡಿದ ಒಂದು ಸುಳ್ಳು ಅವನನ್ನು ಮೊದಲ ಹೊಡೆತಕ್ಕೆ ನೂಕಿತು ಎಂಬುದೂ ತಿಳಿಯುತ್ತದೆ. ನೋಡುಗ ಅಷ್ಟರಲ್ಲಿ ಅವನನ್ನು ಒಮ್ಮೆ ದ್ವೇಷಿಸಿ ಆಗಿರುತ್ತದೆ. ಈಗ ಮರುಕಪಡಬೇಕು. ಮರುಕಪಟ್ಟ ಮೇಲೆ ಮೊದಲು ನೋಡಿದ ದೃಶ್ಯಗಳೆಲ್ಲ ಬೇರೆಯಾಗಿ ಕಾಣತೊಡಗುತ್ತವೆ.

ಎರಡನೆಯ ಸಲ ಟಿಕೆಟ್ ಕೊಳ್ಳಲು ಒಂದು ಕಾರಣ ಇಲ್ಲೇ ಇದೆ. ಕೊಲೆ ಮಾಡಿದವರು ಯಾರು ಎಂಬುದನ್ನು ಕೊನೆಗೆ ಬಿಚ್ಚುವ ಪತ್ತೇದಾರಿ ಚಿತ್ರ ಒಮ್ಮೆ ನೋಡಿದರೆ ಮುಗಿಯಿತು. ಗುಟ್ಟು ಒಡೆದ ಮೇಲೆ ಅದರಲ್ಲಿ ಉಳಿಯುವುದು ಕಡಿಮೆ. ‘ಓಂ’ ಬಚ್ಚಿಟ್ಟದ್ದು ಅಪರಾಧಿಯ ಹೆಸರನ್ನಲ್ಲ, ಅವನ ಹಿಂದಿನ ದಿನಗಳನ್ನು. ಅದು ಗೊತ್ತಾದ ಮೇಲೆ ಚಿತ್ರದ ಮೊದಲ ಅರ್ಧಗಂಟೆಗೆ ಹೊಸ ಅರ್ಥ ಬರುತ್ತದೆ. ಆ ಕಾಲಕ್ಕೆ ಹಿಂದುಮುಂದಾಗಿ ಹೆಣೆದ ಕಥೆ ಹಳ್ಳಿಯವರಿಗೆ ಅರ್ಥವಾಗದು ಎಂಬ ಅಂಜಿಕೆ ಚಿತ್ರೋದ್ಯಮದಲ್ಲಿ ಇದ್ದೇ ಇತ್ತು. ಆ ಅಂಜಿಕೆ ಸುಳ್ಳಾಯಿತು. ಬಯಲಾಟ ನೋಡಿ ಬೆಳೆದವರಿಗೆ ಕಥೆಯನ್ನು ನಡುವಿನಿಂದ ಹಿಡಿಯುವುದು ಹೊಸದೇನೂ ಆಗಿರಲಿಲ್ಲ. ಪಾತ್ರ ರಂಗಕ್ಕೆ ಬಂದ ಮೇಲೆ ಸಾರಥಿ ‘ತಾವು ಧಾರು, ತಮ್ಮ ಸ್ಥಳನಾಮ ಯಾವುದು’ ಎಂದು ವಿಚಾರಿಸುವ ಪದ್ಧತಿ ಅವರಿಗೆ ಚೆನ್ನಾಗಿ ಗೊತ್ತು. ಮೊದಲು ಅಬ್ಬರದ ಪ್ರವೇಶ, ಆಮೇಲೆ ಪೂರ್ವೋತ್ತರ.

ಅಶ್ವತ್ಥಾಮನ ಮಾತಿಗೆ ಮತ್ತೆ ಬರೋಣ. ಅವನೂ ಬ್ರಾಹ್ಮಣನ ಮಗ. ದ್ರೋಣರ ಮನೆಯಲ್ಲಿ ಹುಟ್ಟಿ, ಮಂತ್ರ ಕಲಿತು, ಕೊನೆಗೆ ನಡುರಾತ್ರಿ ಮಲಗಿದ್ದವರ ಮೇಲೆ ಕತ್ತಿ ಎತ್ತಿದವನು. ಅವನ ಕೋಪದ ಹಿಂದೆಯೂ ಒಂದು ಸುಳ್ಳಿದೆ. ಅಶ್ವತ್ಥಾಮ ಸತ್ತನೆಂಬ ಮಾತು ನಂಬಿ ತಂದೆ ಆಯುಧ ಕೆಳಗಿಟ್ಟ, ಆಗಲೇ ಕೊಲೆಯಾದ. ಈ ಸೀಮೆಯ ಪ್ರೇಕ್ಷಕ ಅಶ್ವತ್ಥಾಮನನ್ನು ಪೂರ್ತಿ ಕ್ಷಮಿಸಿದ್ದಿಲ್ಲ, ಪೂರ್ತಿ ಶಪಿಸಿದ್ದೂ ಇಲ್ಲ. ಜನಿವಾರ ತೊಟ್ಟ ಮೈ ರಕ್ತದಲ್ಲಿ ನೆನೆದಾಗ ಹುಟ್ಟುವ ದಿಗಿಲು ಈ ಪ್ರೇಕ್ಷಕನಿಗೆ ಹಳೆಯ ಪರಿಚಯ. ಸತ್ಯನನ್ನು ತೆರೆಯ ಮೇಲೆ ಕಂಡಾಗ ಆ ದಿಗಿಲು ಮತ್ತೆ ಎದ್ದಿದ್ದರೆ ಅಚ್ಚರಿಯಿಲ್ಲ. ಉಪೇಂದ್ರ ‘ರಕ್ತರಾತ್ರಿ’ಯನ್ನು ಮನಸ್ಸಿನಲ್ಲಿಟ್ಟು ಬರೆದರು ಎಂದು ಇದರ ಅರ್ಥವಲ್ಲ. ನೋಡುವವರ ಮನಸ್ಸಿನಲ್ಲಿ ಅದು ಮೊದಲೇ ಇತ್ತು.

ಚಿತ್ರ ಬಂದ ಮನೆಯನ್ನೂ ಗಮನಿಸಬೇಕು. ‘ಓಂ’ ನಿರ್ಮಿಸಿದವರು ಪಾರ್ವತಮ್ಮ ರಾಜ್‌ಕುಮಾರ್. ಮನೆಮಂದಿಯೆಲ್ಲ ಕೂತು ನೋಡುವ ಚಿತ್ರಗಳಿಗೆ ಹೆಸರಾದ ಸಂಸ್ಥೆ ಅವರದು. ಮೂರು ವರ್ಷ ಮೊದಲು, 1992ರಲ್ಲಿ, ಹೆಂಡದ ವಿರುದ್ಧ ಊರನ್ನು ಎಬ್ಬಿಸುವ ‘ಜೀವನ ಚೈತ್ರ’ ಅದೇ ಮನೆಯಿಂದ ಬಂದಿತ್ತು. ಅಂಥವರು ಆಗಷ್ಟೇ ‘ತರ್ಲೆ ನನ್ ಮಗ’, ‘ಶ್!’ ಮಾಡಿದ್ದ ಹುಡುಗನೊಬ್ಬನ ಕೈಗೆ, ಸತ್ಯನ ಪಾತ್ರಕ್ಕೆ, ತಮ್ಮ ಹಿರಿಯ ಮಗ ಶಿವರಾಜ್‌ಕುಮಾರ್ ಅವರನ್ನು ಒಪ್ಪಿಸಿದರು. ಬೆಂಗಳೂರಿನ ಭೂಗತ ಲೋಕದಲ್ಲಿ ನಿಜವಾಗಿ ಓಡಾಡಿದ್ದ ಕೆಲವರನ್ನೇ ಆ ನಿರ್ದೇಶಕ ಕ್ಯಾಮೆರಾ ಮುಂದೆ ನಿಲ್ಲಿಸಿದ. ಅವರ ಮುಖದಲ್ಲಿ ಮೇಕಪ್ಪಿನ ಕ್ರೌರ್ಯವಿರಲಿಲ್ಲ. ನಿಲ್ಲುವ ರೀತಿ, ನೋಡುವ ರೀತಿಯಲ್ಲೇ ಏನೋ ಒಂದು ಇತ್ತು. ಹಂಸಲೇಖ ಸಂಗೀತದಲ್ಲಿ ಸೂರ್ಯನನ್ನು ಕರೆಯುವ ಹಾಡು ಡಾ. ರಾಜ್‌ಕುಮಾರ್ ಕಂಠದಲ್ಲಿ ಬಂತು. ಒಂದೇ ಚಿತ್ರದಲ್ಲಿ ಅಪ್ಪನ ಭಕ್ತಿಯ ದನಿ, ಮಗನ ಕೈಯಲ್ಲಿ ಲಾಂಗು. 1995-96ರ ರಾಜ್ಯ ಪ್ರಶಸ್ತಿಗಳಲ್ಲಿ ಶಿವರಾಜ್‌ಕುಮಾರ್ ಶ್ರೇಷ್ಠ ನಟ, ಪ್ರೇಮಾ ಶ್ರೇಷ್ಠ ನಟಿ ಎನಿಸಿಕೊಂಡರು. ಚಿತ್ರಕಥೆಗೆ ಉಪೇಂದ್ರ, ಛಾಯಾಗ್ರಹಣಕ್ಕೆ ಬಿ.ಸಿ. ಗೌರಿಶಂಕರ್ ಪ್ರಶಸ್ತಿ ಪಡೆದರು.

ಕೊಟ್ಟೂರಿನವರಿಗೆ ಶಿವರಾಜ್‌ಕುಮಾರ್ ಬಗ್ಗೆ ಇನ್ನೊಂದು ಸಲಿಗೆಯೂ ಇದೆ. ಅವರ ಮೂರನೆಯ ಚಿತ್ರ, 1987ರ ‘ಮನಮೆಚ್ಚಿದ ಹುಡುಗಿ’ಗೆ ಕಥೆ ಒದಗಿಸಿದ್ದು ಕೊಟ್ಟೂರಿನ ಮಗ ಕುಂ. ವೀರಭದ್ರಪ್ಪ. ಅವರ ‘ಬೇಟೆ’ಯೇ ಆ ಚಿತ್ರವಾಯಿತು. ಆಂಧ್ರದ ಗಡಿಯ ಹಳ್ಳಿಗಳಲ್ಲಿ ಮೇಷ್ಟ್ರಾಗಿ ದುಡಿದ ಕುಂವೀ ಅವರ ಕಥೆಗಳಲ್ಲಿ ಹಗೆ, ಹಸಿವು, ಜಮೀನ್ದಾರಿ ದರ್ಪ ಎಷ್ಟು ದಟ್ಟವಾಗಿವೆ ಎಂದು ಓದಿದವರಿಗೆ ಗೊತ್ತು. ಅಪರಾಧ ಎಂಬುದು ಪೊಲೀಸ್ ಠಾಣೆಯಲ್ಲಿ ಹುಟ್ಟುವ ಸಂಗತಿಯಲ್ಲ, ಮನೆ, ಹೊಲ, ಬೀದಿಗಳಲ್ಲಿ ಹುಟ್ಟುತ್ತದೆ ಎಂಬ ತಿಳಿವಳಿಕೆ ಈ ಸೀಮೆಗೆ ಬೆಂಗಳೂರಿನ ಸಿನಿಮಾದಿಂದ ಬರಬೇಕಾಗಿರಲಿಲ್ಲ.

ಕನ್ನಡದ ಅಪರಾಧ ಚಿತ್ರಗಳ ದಾರಿಯನ್ನು ಸ್ವಲ್ಪ ಹಿಂದಕ್ಕೆ ನಡೆದು ನೋಡಿದರೆ ‘ಓಂ’ ಬಂದ ಬಗೆ ಇನ್ನೂ ಸ್ಪಷ್ಟವಾಗುತ್ತದೆ. ಉಪೇಂದ್ರ ಪಳಗಿದ್ದು ಕಾಶಿನಾಥ್ ಗರಡಿಯಲ್ಲಿ. ಆ ಕಾಶಿನಾಥ್ 1978ರಲ್ಲೇ ‘ಅಪರಿಚಿತ’ದಂಥ ಬಿಗಿಯಾದ ರಹಸ್ಯ ಚಿತ್ರ ಮಾಡಿದ್ದವರು. ಮೂರು ವರ್ಷದ ನಂತರ, 1981ರಲ್ಲಿ, ‘ಅಂತ’ ಬಂತು. ಎಚ್.ಕೆ. ಅನಂತರಾವ್ ಅವರ ಕಾದಂಬರಿ ‘ಸುಧಾ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗಲೇ ಓದುಗರನ್ನು ಹಿಡಿದಿಟ್ಟಿತ್ತು. ರಾಜೇಂದ್ರಸಿಂಗ್ ಬಾಬು ಅದನ್ನು ಚಿತ್ರ ಮಾಡಿದರು. ಪ್ರಾಮಾಣಿಕ ಇನ್‌ಸ್ಪೆಕ್ಟರ್ ಸುಶೀಲ್‌ಕುಮಾರ್ ತನ್ನಂತೆಯೇ ಕಾಣುವ ಪಾತಕಿ ಕನ್ವರ್‌ಲಾಲ್‌ನ ವೇಷ ತೊಟ್ಟು ಕಳ್ಳರ ಕೂಟಕ್ಕೆ ನುಗ್ಗುತ್ತಾನೆ. ಎರಡೂ ಪಾತ್ರ ಅಂಬರೀಷ್ ಅವರದು. ಸಿಕ್ಕಿಬಿದ್ದಾಗ ಅವನ ಬೆರಳಿನ ಉಗುರು ಕೀಳುವ ದೃಶ್ಯವನ್ನು ಆಗ ನೋಡಿದವರು ಇಂದಿಗೂ ಕೈ ಮುದುಡಿಕೊಂಡೇ ವರ್ಣಿಸುತ್ತಾರೆ. ಕಾನೂನು ಕಾಯಬೇಕಾದವರೇ ಕಳ್ಳರ ಬೆನ್ನಿಗಿದ್ದಾರೆ ಎಂದು ಅಷ್ಟು ಬಿರುಸಾಗಿ ಹೇಳಿದ ಚಿತ್ರ ಅದಕ್ಕೆ ಮೊದಲು ಕನ್ನಡದಲ್ಲಿ ವಿರಳ. ಅದೇ ‘ಅಂತ’ದ ಮುಂದುವರಿಕೆಯಾದ ‘ಆಪರೇಷನ್ ಅಂತ’ವನ್ನು ಉಪೇಂದ್ರ ನಿರ್ದೇಶಿಸಿದ್ದು 1995ರಲ್ಲೇ, ‘ಓಂ’ ಬಂದ ವರ್ಷ.

ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ‘ಅಂತ’ದ ಸಿಟ್ಟು ವ್ಯವಸ್ಥೆಯ ಮೇಲೆ. ಒಳ್ಳೆಯವನೊಬ್ಬ ಕೆಟ್ಟವನ ವೇಷ ಹಾಕುತ್ತಾನೆ, ಒಳಗೆ ಒಳ್ಳೆಯವನಾಗಿಯೇ ಉಳಿಯುತ್ತಾನೆ. ‘ಓಂ’ನಲ್ಲಿ ವೇಷವಿಲ್ಲ. ಸತ್ಯ ನಿಜಕ್ಕೂ ಕೆಡುತ್ತಾನೆ. ಕೆಟ್ಟ ಮೇಲೆ ಮನೆಗೆ ಮರಳುವ ದಾರಿ ಹುಡುಕುತ್ತಾನೆ. ಭೂಗತ ಲೋಕಕ್ಕೆ ಹೋಗಲು ಒಂದು ಏಟು ಸಾಕಾಗಿತ್ತು. ಹೊರಬರಲು ಚಿತ್ರದ ಇಡೀ ಉತ್ತರಾರ್ಧವೂ ಸಾಲದಾಗುತ್ತದೆ. 1972ರ ‘ಗಾಡ್‌ಫಾದರ್’ನಲ್ಲೂ ಅಪ್ಪನ ದಂಧೆಯಿಂದ ದೂರವಿದ್ದ ಮೈಕೆಲ್ ಹಂತಹಂತವಾಗಿ ಅದರ ಯಜಮಾನನಾಗುತ್ತಾನೆ. ಅಲ್ಲಿ ಅಪ್ಪನೇ ಡಾನ್, ಮಗ ಕೆಡುವುದೆಂದರೆ ಮನೆಗೆ ಹತ್ತಿರವಾಗುವುದು. ಇಲ್ಲಿ ಅಪ್ಪ ಪುರೋಹಿತ, ಮಗ ಕೆಟ್ಟಷ್ಟೂ ಹೊಸ್ತಿಲು ದೂರವಾಗುತ್ತದೆ.

ಆ ಹೊಸ್ತಿಲೇ ಈ ಚಿತ್ರದ ಜೀವ. ಲಾಂಗಿನ ಹೊಳಪಿಗೆ ಮೊದಲ ಸಲ ಬಂದ ಹುಡುಗರು ಎರಡನೆಯ, ಮೂರನೆಯ ಸಲ ಬಂದದ್ದು ತಂದೆ-ಮಗನ ದೃಶ್ಯಗಳಿಗೆ. ಊರೆಲ್ಲ ಹೆದರುವ ರೌಡಿ ಮುದಿ ತಂದೆಯ ಮುಂದೆ ಕಣ್ಣೆತ್ತಲಾರದೆ ನಿಲ್ಲುತ್ತಾನೆ. ಕೂಡ್ಲಿಗಿ, ಹರಪನಹಳ್ಳಿ ಕಡೆಯ ಮಳೆಯಾಶ್ರಿತ ಹಳ್ಳಿಗಳಿಂದ, ತಾಂಡಾಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಂಡ್ಯದ ಕಬ್ಬಿನ ಗದ್ದೆಗೆ ಗುಳೆ ಹೋಗುವ ಮನೆಗಳಿಗೆ ಈ ದೃಶ್ಯ ಬಹಳ ಹತ್ತಿರದ್ದು. ಪಟ್ಟಣಕ್ಕೆ ಹೋದ ಮಗ ಯಾರ ಸಂಗಡ ಓಡಾಡುತ್ತಾನೆ, ಏನು ಕಲಿತ, ಯಾವ ಮುಖದಲ್ಲಿ ಹಬ್ಬಕ್ಕೆ ಬರುತ್ತಾನೆ ಎಂಬ ಅಂಜಿಕೆ ಇಲ್ಲದ ತಾಯಿತಂದೆ ಈ ಭಾಗದಲ್ಲಿ ಕಡಿಮೆ. ಬೆಂಗಳೂರನ್ನು ಕಣ್ಣಾರೆ ನೋಡುವ ಮೊದಲೇ ಅಲ್ಲಿ ಒಬ್ಬ ಒಳ್ಳೆಯ ಹುಡುಗ ಹೇಗೆ ಕಳೆದುಹೋಗಬಹುದು ಎಂದು ಅವರು ‘ಓಂ’ನಲ್ಲಿ ನೋಡಿದ್ದರು.

ಮಾತಿನ ಸಂಗತಿಯೂ ಇದೆ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದ ಕೂಡಲೇ ಡೆಂಕನಮರಡಿಯ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಆಮೇಲೆ ಬರುವುದು ಒಂದೇ ಒಂದು ಮಾತು, ಅದೇ ಕಾರಣಿಕ. ಅದನ್ನು ಊರಿಗೆ ಒಯ್ದು ವರ್ಷವಿಡೀ ಬಿಡಿಸಿ ಬಿಡಿಸಿ ಅರ್ಥ ಹೇಳುತ್ತಾರೆ. ಮೈಲಾರದ ಕಾರಣಿಕದ ಪಾವಿತ್ರ್ಯವನ್ನು ಸಿನಿಮಾಗೆ ಹೋಲಿಸಲಾಗದು. ಆದರೆ ಚಿಕ್ಕ ಮಾತಿಗೆ ಕಾಯುವುದು, ಅದನ್ನು ಬಾಯಲ್ಲಿಟ್ಟುಕೊಂಡು ಮನೆಗೆ ಹೋಗುವುದು ಈ ಜನಕ್ಕೆ ಬಂದ ವಿದ್ಯೆ. ‘ಓಂ’ನ ಸಂಭಾಷಣೆ ಪುಸ್ತಕದ ಕನ್ನಡವಲ್ಲ. ಚಿಕ್ಕ ಚಿಕ್ಕ ವಾಕ್ಯ, ಬೀದಿಯ ಮಾತು, ನಡುವೆ ಮೌನ. ಮರುಬಿಡುಗಡೆಯ ದಿನ ಪಾತ್ರ ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನವರು ಮಾತು ಒಪ್ಪಿಸುತ್ತಾರೆ. ಹಿಂದೆ ಕೂತವರು ಸುಮ್ಮನಿರಿ ಎಂದು ಗದರುವುದಿಲ್ಲ, ಅವರೂ ಸೇರಿಕೊಳ್ಳುತ್ತಾರೆ.

ಇಷ್ಟೆಲ್ಲ ಮೆಚ್ಚಿದ ಮೇಲೂ ಒಂದು ಮಾತನ್ನು ಮುಚ್ಚಿಡಬಾರದು. ಮಧುವಿನ ಬೆನ್ನು ಬಿದ್ದು, ಅವಳ ಹತ್ತಿರ ಬಂದವರನ್ನೆಲ್ಲ ಬಡಿದು, ನನ್ನನ್ನು ಪ್ರೀತಿಸಲೇಬೇಕೆಂದು ಸತ್ಯ ಬೆದರಿಸುವ ದೃಶ್ಯಗಳನ್ನು ಇಂದು ನೋಡುವಾಗ ಕಸಿವಿಸಿಯಾಗುತ್ತದೆ, ಆಗಲೇಬೇಕು. 1995ರಲ್ಲಿ ಅವಕ್ಕೆ ಸಿಳ್ಳೆ ಬಿದ್ದದ್ದು ನಿಜ. ಕಾಲೇಜು ಬಸ್ಸಿಗೆ ಕಾಯುವ ಹುಡುಗಿಯರಿಗೆ ಆ ಸಿಳ್ಳೆಯ ಬೆಲೆ ಏನೆಂದು ಆಗ ಯಾರೂ ಕೇಳಲಿಲ್ಲ. ಸತ್ಯನ ಪತನದ ಹೊರೆಯನ್ನೆಲ್ಲ ಒಬ್ಬ ಹುಡುಗಿಯ ಸುಳ್ಳಿನ ಮೇಲೆ ಹೊರಿಸಿದ್ದೂ ಚಿತ್ರದ ಕುಂದು. ಸುಳ್ಳು ಅವಳದಾದರೂ ಹೊಡೆದ ಕೈ ಅವನದು. ಪ್ರೇಮಾ ಆ ಪಾತ್ರಕ್ಕೆ ತಂದ ಭಯ, ಛಲ, ಪಶ್ಚಾತ್ತಾಪ ಇಲ್ಲದಿದ್ದರೆ ಈ ಭಾಗ ಇಂದು ನೋಡಲು ಇನ್ನೂ ಕಷ್ಟವಾಗುತ್ತಿತ್ತು. ಚಿತ್ರವನ್ನು ಪ್ರೀತಿಸುವವರೇ ಇದನ್ನು ಹೇಳಬೇಕು, ತಮ್ಮ ಮಕ್ಕಳ ಜೊತೆ ಕೂತು ನೋಡುವಾಗ ಬಾಯಿ ಬಿಟ್ಟು ಹೇಳಬೇಕು.

‘ಓಂ’ ಹಾಕಿಕೊಟ್ಟ ದಾರಿಯಲ್ಲಿ ಕನ್ನಡದ ಲಾಂಗು ಚಿತ್ರಗಳ ದೊಡ್ಡ ಮೆರವಣಿಗೆಯೇ ಹೊರಟಿತು. ಅವುಗಳಲ್ಲಿ ಒಳ್ಳೆಯವೂ ಇದ್ದವು. 2005ರ ‘ಜೋಗಿ’ಯಲ್ಲಿ ಪ್ರೇಮ್ ತಾಯಿ-ಮಗನ ಸಂಬಂಧವನ್ನು ನಡುವಿಗೆ ತಂದರು, ನಾಯಕ ಮತ್ತೆ ಶಿವರಾಜ್‌ಕುಮಾರ್. 2007ರಲ್ಲಿ ಸೂರಿ ‘ದುನಿಯಾ’ ಮಾಡಿದರು, ಅಗ್ನಿ ಶ್ರೀಧರ್ ಬರಹವನ್ನು ಆಧರಿಸಿ ಕೆ.ಎಂ. ಚೈತನ್ಯ ‘ಆ ದಿನಗಳು’ ಮಾಡಿದರು. ಆದರೆ ಹೆಚ್ಚಿನವು ‘ಓಂ’ನಿಂದ ಲಾಂಗನ್ನು ಎತ್ತಿಕೊಂಡು ತಂದೆಯನ್ನು ಅಲ್ಲೇ ಬಿಟ್ಟು ಬಂದವು. ಒಂದೆರಡು ವಾರ ಓಡಿ ಮರೆಯಾದವು. ಬೇರೆ ಭಾಷೆಗೆ ಹೋದಾಗಲೂ ಹೀಗೇ ಆಯಿತು. ಸ್ವತಃ ಉಪೇಂದ್ರ 1997ರಲ್ಲಿ ರಾಜಶೇಖರ್ ನಾಯಕತ್ವದಲ್ಲಿ ತೆಲುಗಿನ ‘ಓಂಕಾರಂ’ ಮಾಡಿದರು. 1999ರಲ್ಲಿ ಸನ್ನಿ ಡಿಯೋಲ್ ನಟಿಸಿದ ಹಿಂದಿಯ ‘ಅರ್ಜುನ್ ಪಂಡಿತ್’ ಬಂತು. ತೆಲುಗು ಚಿತ್ರಗಳನ್ನೂ ಅಷ್ಟೇ ಪ್ರೀತಿಯಿಂದ ನೋಡುವ ಗಡಿಸೀಮೆ ಇದು. ಹಾಗಿದ್ದೂ ‘ಓಂಕಾರಂ’ ಇಲ್ಲಿ ‘ಓಂ’ನ ಜಾಗ ಹಿಡಿಯಲಿಲ್ಲ. ಕಥೆ ಅದೇ, ನಿರ್ದೇಶಕನೂ ಅವನೇ. ಆದರೆ ಅಪ್ಪನ ದನಿ, ಮಗನ ಮುಖ, ಬೆಂಗಳೂರಿನ ಬೀದಿ ಒಂದಕ್ಕೊಂದು ಬೆಸೆದುಕೊಂಡ ಆ ಹದ ಇನ್ನೊಮ್ಮೆ ಕೂಡಿಬರಲಿಲ್ಲ.

ಈಗ ರೀಲಿನ ಡಬ್ಬಿ ಇಲ್ಲ. ತಾಲ್ಲೂಕು ಊರುಗಳ ಒಂಟಿ ಚಿತ್ರಮಂದಿರಗಳು ರಾಜ್ಯದ ಎಲ್ಲೆಡೆಯಂತೆ ಸೊರಗುತ್ತಿವೆ, ಕೆಲವು ಕಲ್ಯಾಣ ಮಂಟಪಗಳಾಗಿವೆ. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ಉಳಿದ ಐದು ತಾಲ್ಲೂಕುಗಳ ಜೊತೆ ವಿಜಯನಗರ ಜಿಲ್ಲೆ ಸೇರಿತು. ನಕ್ಷೆಯ ಗೆರೆ ಬದಲಾದರೂ ಕೊಟ್ಟೂರೇಶ್ವರನ ತೇರಿಗೆ ಕಂಪನಿ ನಾಟಕದ ಡೇರೆ ಬೀಳುವುದು, ಹಳ್ಳಿಯ ಹುಡುಗರು ‘ರಕ್ತರಾತ್ರಿ’ಯ ಮಾತು ಬಾಯಿಪಾಠ ಮಾಡುವುದು ನಿಂತಿಲ್ಲ. ಮೊಬೈಲಿನಲ್ಲಿ ‘ಓಂ’ನ ತುಣುಕು ನೋಡಿ ಬೆಳೆದ ಹುಡುಗರಿಗೆ ಈಗ ಇಡೀ ಚಿತ್ರ ನೋಡುವ ತಾಳ್ಮೆ ಬೇಕಾಗಿದೆ. ಹತ್ತಿರದ ಊರಿನ ಚಿತ್ರಮಂದಿರಕ್ಕೆ ಅದು ಮತ್ತೊಮ್ಮೆ ಬಂದರೆ ತಪ್ಪದೆ ಹೋಗಿ. ಲಾಂಗು ಎತ್ತಿದಾಗ ಸಿಳ್ಳೆ ಹಾಕುವವರು ಹಾಕಲಿ, ನೀವು ಆ ತಂದೆಯ ಮುಖ ನೋಡಿ.